ಬೀಗದ ಕೈ ಇದ್ದವನ ಕುತೂಹಲ

ಹೆಣ್ಣು ಕೊಡುವ ಮುನ್ನ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಹುಡುಗನ ನೆರೆಮನೆಯವರನ್ನು ಕೇಳುತ್ತೇವೆ. ಬೀದಿಯ ಅಂಗಡಿಯವನನ್ನು ಕೇಳುತ್ತೇವೆ. ಅವನ ಕಚೇರಿಯಲ್ಲಿ ಗುರುತಿನವರಿದ್ದರೆ ಅವರ ಕಿವಿಯಲ್ಲಿಯೂ ಒಂದು ಮಾತು ಹಾಕುತ್ತೇವೆ. ಇದನ್ನು ಯಾರೂ ತಪ್ಪೆನ್ನುವುದಿಲ್ಲ. ಹಾಗಾದರೆ ಹುಡುಗಿಯ ಸೋದರಮಾವ ಪೊಲೀಸ್ ಇಲಾಖೆಯಲ್ಲಿದ್ದು, ಠಾಣೆಯ ಕಂಪ್ಯೂಟರಿನಲ್ಲಿ ಹುಡುಗನ ಹೆಸರು ಹಾಕಿ ನೋಡಿದರೆ ಅದೇಕೆ ತಪ್ಪಾಗಬೇಕು? ಅಂಗಡಿಯವನನ್ನು ಕೇಳಿದರೆ ವಿವೇಕ, ಯಂತ್ರವನ್ನು ಕೇಳಿದರೆ ಅಪರಾಧವೆ?

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಅದು ಎಷ್ಟು ದೂರ ಬೆಳೆಯಬಲ್ಲದೆಂಬುದಕ್ಕೆ ಅಮೆರಿಕದ ಮಿನೆಸೋಟ ರಾಜ್ಯದ ಪ್ರಕರಣವೊಂದನ್ನು ನೋಡಬಹುದು. ಹಿಂದೊಮ್ಮೆ ತಾನೇ ಪೊಲೀಸ್ ಕೆಲಸದಲ್ಲಿದ್ದ ಒಬ್ಬ ಮಹಿಳೆಯ ಚಾಲನಾ ಪರವಾನಗಿಯ ದಾಖಲೆಯನ್ನು 100ಕ್ಕೂ ಹೆಚ್ಚು ಮಂದಿ ಪೊಲೀಸರು 400ಕ್ಕೂ ಹೆಚ್ಚು ಸಲ ತೆರೆದು ನೋಡಿದ್ದರು. ಕರ್ತವ್ಯಕ್ಕೂ ಈ ನೋಟಕ್ಕೂ ಸಂಬಂಧವಿಲ್ಲವೆಂದು ಆಕೆ ದಾವೆ ಹೂಡಿದರು. 2012ರಲ್ಲಿ ಆದ ರಾಜಿಗಳಲ್ಲಿ ಆಕೆಗೆ ಸಂದ ಪರಿಹಾರ ಒಟ್ಟು 10 ಲಕ್ಷ ಡಾಲರನ್ನು ಮೀರಿತು. ನೋಡಿದವರನ್ನು ಒಬ್ಬೊಬ್ಬರಾಗಿ ಕೇಳಿದ್ದರೆ, ‘ಸುಮ್ಮನೆ ಒಂದು ಸಲ ನೋಡಿದೆ, ಏನಾಯಿತು?’ ಎಂದು ಹೇಳುವವರೇ ಹೆಚ್ಚು ಮಂದಿ ಇದ್ದಿರಬೇಕು.

ಸುಮ್ಮನೆ ನೋಡುವುದರಿಂದ ಏನಾಗುತ್ತದೆ? ಕೊಂಡಿ ಸರಿಪಡಿಸಲೆಂದು ಅಕ್ಕಸಾಲಿಗನಿಗೆ ಒಂದು ಸರವನ್ನು ಕೊಟ್ಟಿದ್ದೇವೆ ಎನ್ನೋಣ. ಅವನ ಮನೆಯವರು ಅದನ್ನು ಹಾಕಿಕೊಂಡು ಒಂದು ಮದುವೆಗೆ ಹೋಗಿಬಂದರು. ಸರ ಸವೆಯಲಿಲ್ಲ, ತೂಕ ಕಡಮೆಯಾಗಲಿಲ್ಲ. ಹೇಳಿದ ದಿನಕ್ಕೆ ನಮ್ಮ ಕೈಸೇರಿತು. ಆದರೂ ವಿಷಯ ತಿಳಿದರೆ ನಮಗೆ ಸಿಟ್ಟು ಬರುತ್ತದೆ. ನಾವು ಕೊಟ್ಟದ್ದು ಸರವನ್ನು ಮಾತ್ರವಲ್ಲ, ಇಂಥದಕ್ಕೆಂದು ಹೇಳಿ ಕೊಟ್ಟೆವು. ಸರಕಾರಕ್ಕೆ ನಾವು ವಿಳಾಸ, ಫೋಟೋ, ಹುಟ್ಟಿದ ದಿನ ಇವನ್ನೆಲ್ಲ ಕೊಡುವುದೂ ಹಾಗೆಯೇ. ಅಕ್ಕಸಾಲಿಗ ಸರಿಯಿಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗಬಹುದು. ಪರವಾನಗಿ ಬೇಕಾದವನು ಯಾವ ಅಂಗಡಿಗೆ ಹೋಗಬೇಕು?

ಅಂಗಡಿಯವನನ್ನು ಕೇಳುವುದಕ್ಕೂ ದಾಖಲೆಯನ್ನು ನೋಡುವುದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಕೇಳುವವನು ತನ್ನ ಮುಖ ತೋರಿಸಬೇಕು. ‘ನಿನ್ನ ವಿಷಯ ಯಾರೋ ಕೇಳಿಕೊಂಡು ಬಂದಿದ್ದರು’ ಎಂದು ಸಂಜೆಯೊಳಗೆ ಹುಡುಗನಿಗೆ ಸುದ್ದಿ ಮುಟ್ಟುತ್ತದೆ. ಕಂಪ್ಯೂಟರ್ ಯಾರಿಗೂ ಸುದ್ದಿ ಹೇಳುವುದಿಲ್ಲ. ಅದಲ್ಲದೆ ಠಾಣೆಯಲ್ಲಿ ದಾಖಲಾಗುವುದು ದೂರು, ತೀರ್ಪಲ್ಲ. ದಾಯಾದಿಯೊಬ್ಬ ಜಗಳದಲ್ಲಿ ಬರೆಸಿದ ದೂರೂ ಅಲ್ಲಿರಬಹುದು. ‘ಹುಡುಗನ ಮೇಲೆ ಕೇಸಿದೆಯಂತೆ’ ಎಂಬ ಒಂದು ಮಾತಿಗೆ ಸಂಬಂಧ ಮುರಿಯುತ್ತದೆ. ಏಕೆ ಮುರಿಯಿತೆಂದು ಅವನಿಗೆ ತಿಳಿಯುವುದಿಲ್ಲ. ಉತ್ತರ ಹೇಳುವ ಅವಕಾಶವೂ ಸಿಗುವುದಿಲ್ಲ. ಕಳ್ಳನಿಗೂ ನ್ಯಾಯಾಲಯದಲ್ಲಿ ದೊರೆಯುವ ಸೌಕರ್ಯ ಈ ವರನಿಗೆ ಇಲ್ಲ.

ಇದನ್ನು ಕಾನೂನು ತಡೆಯಲಾರದೆ ಎಂದು ಕೇಳಬಹುದು. ಕಾನೂನಿಗೂ ಇದು ಸುಲಭವಲ್ಲ. ಅಮೆರಿಕದ ಜಾರ್ಜಿಯ ರಾಜ್ಯದಲ್ಲಿ ವ್ಯಾನ್ ಬ್ಯೂರೆನ್ ಎಂಬ ಪೊಲೀಸ್ ಸಾರ್ಜೆಂಟ್ ಪರಿಚಿತನೊಬ್ಬನಿಂದ ಹಣ ಪಡೆದು ಒಂದು ಕಾರಿನ ನಂಬರನ್ನು ಇಲಾಖೆಯ ಕಂಪ್ಯೂಟರಿನಲ್ಲಿ ಹುಡುಕಿದ. ಅದು ಎಫ್.ಬಿ.ಐ. ಒಡ್ಡಿದ್ದ ಬಲೆ. ಶಿಕ್ಷೆಯಾಯಿತು. ಆದರೆ 2021ರ ಜೂನ್ 3ರಂದು ಅಲ್ಲಿನ ಸುಪ್ರೀಂ ಕೋರ್ಟು ಮೂವರ ವಿರುದ್ಧ ಆರು ಮಂದಿಯ ಬಹುಮತದಿಂದ, ಕಂಪ್ಯೂಟರ್ ದುರ್ಬಳಕೆಯ ಕಾಯಿದೆ ಇಲ್ಲಿ ಅನ್ವಯಿಸದೆಂದು ಹೇಳಿತು. ಆ ದಾಖಲೆಯನ್ನು ತೆರೆಯುವ ಅಧಿಕಾರ ಅವನಿಗಿತ್ತು. ಉದ್ದೇಶ ಕೆಟ್ಟದೆಂಬ ಮಾತ್ರಕ್ಕೆ ಅದು ಅತಿಕ್ರಮ ಪ್ರವೇಶವಾಗದು. ಹಾಗೆಂದರೆ ಕಚೇರಿಯ ಯಂತ್ರದಲ್ಲಿ ಸ್ವಂತದ ಪತ್ರ ಬರೆದ ಗುಮಾಸ್ತನೂ ಅಪರಾಧಿಯಾದಾನು. ಈ ತರ್ಕ ನನಗೆ ಒಪ್ಪಿಗೆ. ಆದರೆ ಅವನು ಮಾಡಿದ್ದು ಸರಿಯೆಂದು ನ್ಯಾಯಾಲಯ ಹೇಳಲಿಲ್ಲ. ಬಾಗಿಲು ತೆರೆಯುವ ಅಧಿಕಾರ ಇತ್ತೇ ಎಂದಷ್ಟೇ ಆ ಕಾಯಿದೆ ನೋಡಿತು. ಏಕೆ ತೆರೆದೆ ಎಂದು ಕೇಳುವುದು ಇಲಾಖೆಯ ಶಿಸ್ತಿಗೂ ಮನಸ್ಸಾಕ್ಷಿಗೂ ಉಳಿಯಿತು.

ನನ್ನ ಮಿತ್ರರೊಬ್ಬರು ಇದನ್ನೆಲ್ಲ ಕೇಳಿ, ‘ನಿಮ್ಮ ನೀತಿ ಚೆನ್ನಾಗಿದೆ ಸ್ವಾಮಿ. ಹೆಂಡತಿಯನ್ನು ಹೊಡೆದು ಬಡಿದವನಿಗೆ ನಮ್ಮ ಹುಡುಗಿ ಹೋಗಿ ಸಿಕ್ಕಿದರೆ ನಿಮ್ಮ ನೀತಿ ಬಂದು ಬಿಡಿಸುತ್ತದೆಯೆ?’ ಎಂದರು. ಇದು ತಳ್ಳಿಹಾಕುವ ಮಾತಲ್ಲ. ಇಂಗ್ಲೆಂಡಿನಲ್ಲಿ ಕ್ಲೇರ್ ವುಡ್ ಎಂಬಾಕೆಯನ್ನು 2009ರಲ್ಲಿ ಆಕೆಯ ಹಿಂದಿನ ಗೆಳೆಯ ಕೊಂದ. ಅವನಿಗೆ ಹಿಂಸೆಯ ಪೂರ್ವಚರಿತ್ರೆಯಿತ್ತು. ಆಕೆಯ ಹೆಸರಿನಿಂದಲೇ ಕರೆಯುವ ವ್ಯವಸ್ಥೆಯೊಂದು 2014ರ ಮಾರ್ಚಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆಲ್ಲ ಬಂತು. ತನ್ನ ಸಂಗಾತಿಯ ಬಗೆಗೆ ಭಯವಿರುವವರು ಪೊಲೀಸರಿಗೆ ಅರ್ಜಿ ಕೊಡಬಹುದು. ತಿಳಿಸುವ ಅಗತ್ಯವಿದೆಯೇ ಎಂದು ಪರಿಶೀಲಿಸಿ ತಿಳಿಸುತ್ತಾರೆ. ನನ್ನ ಮಿತ್ರರಿಗೆ ನನ್ನ ಉತ್ತರ ಇದೇ. ಅಗತ್ಯ ನಿಜವಾದರೆ ಎಲ್ಲರಿಗೂ ಮುಂಬಾಗಿಲು ತೆರೆಯಲಿ. ಇಲಾಖೆಯಲ್ಲಿ ಸೋದರಮಾವನಿಲ್ಲದ ಹುಡುಗಿಯ ಜೀವವೂ ಜೀವವೇ ಅಲ್ಲವೆ?

ಕೌಟಿಲ್ಯನು ಹಣದ ವ್ಯವಹಾರ ನೋಡುವ ಅಧಿಕಾರಿಗಳನ್ನು ನೀರಿನೊಳಗಿನ ಮೀನಿಗೆ ಹೋಲಿಸುತ್ತಾನೆ. ಅದು ಯಾವಾಗ ನೀರು ಕುಡಿಯಿತೆಂದು ದಡದಲ್ಲಿರುವವನು ಕಾಣಲಾರ. ಇಂದಿನ ಕಂಪ್ಯೂಟರು ಪ್ರತಿಯೊಂದು ಗುಟುಕನ್ನೂ ಲೆಕ್ಕ ಬರೆದಿಡಬಲ್ಲದು. ಮಿನೆಸೋಟದ ಮಹಿಳೆಗೆ ನೆರವಾದದ್ದು ಅಂಥ ಲೆಕ್ಕವೇ. ಆದರೆ ಲೆಕ್ಕವನ್ನು ಯಾರಾದರೂ ತೆಗೆದು ನೋಡಬೇಕು.

ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೆಂಬುದು ನಮಗೆ ಹೆಮ್ಮೆಯ ಮಾತು. ಆದರೆ ‘ನಮ್ಮವರೇ ಒಬ್ಬರು ಇಲಾಖೆಯಲ್ಲಿದ್ದಾರೆ, ಒಂದು ಮಾತು ಹೇಳಿದರಾಯಿತು’ ಎನ್ನುವವರೂ ನಾವೇ. ಪೊಲೀಸನ ಕುತೂಹಲಕ್ಕೆ ಎಷ್ಟೋ ಸಲ ಮೊದಲ ಪ್ರೇರಣೆ ನಮ್ಮ ಊಟದ ಮನೆಯಿಂದಲೇ ಹೋಗುತ್ತದೆ. ‘ಅದು ನನ್ನಿಂದಾಗದು ಅಕ್ಕ’ ಎಂದು ಹೇಳಿದ ತಮ್ಮನನ್ನು ನಾವು ಗರ್ವಿಷ್ಠನೆಂದು ದೂರುತ್ತೇವೆ. ಅವನು ಕಾಯ್ದದ್ದು ಯಾರೋ ಅಪರಿಚಿತ ಹುಡುಗನ ಮಾನವನ್ನು. ನಾಳೆ ಇನ್ನೊಂದು ಮನೆಯವರು ನಮ್ಮ ಹುಡುಗನ ಹೆಸರನ್ನು ಹೇಳಿ ಇನ್ನಾವನೋ ಪೊಲೀಸಿನವನನ್ನು ಕೇಳುವಾಗ, ಅವನೂ ಹಾಗೆಯೇ ಹೇಳಲಿ ಎಂದು ನಾವು ಬಯಸುವುದಿಲ್ಲವೆ?