ಪುರುಸೊತ್ತು

‘ಪುರುಸೊತ್ತಿಲ್ಲ’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಎರಡು ಅರ್ಥ. ಬೆಂಗಳೂರಿನಲ್ಲಿರುವ ಮಗನಿಗೆ ಪುರುಸೊತ್ತಿಲ್ಲ ಎಂದು ನೆರೆಮನೆಯವರ ಎದುರು ಹೇಳುವಾಗ ಅದು ಹೆಮ್ಮೆ. ಹಬ್ಬ ಕಳೆದು, ಮಾಡಿಟ್ಟ ಕಜ್ಜಾಯ ಡಬ್ಬಿಯಲ್ಲೇ ಉಳಿದಾಗ ಅದೇ ಮಾತು ದೂರು. ಕುಮಟಾ, ಹೊನ್ನಾವರ, ಭಟ್ಕಳದ ಬಸ್ ನಿಲ್ದಾಣಗಳಲ್ಲಿ ಸಂಜೆ ಬೆಂಗಳೂರಿನ ಬಸ್ಸಿಗೆ ಕಾದು ನಿಂತ ಮಕ್ಕಳನ್ನೂ ಅವರ ಬ್ಯಾಗಿಗೆ ಹಲಸಿನ ಹಪ್ಪಳದ ಕಟ್ಟು ತುರುಕುವ ತಾಯಂದಿರನ್ನೂ ಕಂಡಾಗಲೆಲ್ಲ ನನಗೆ ಅನ್ನಿಸುವುದುಂಟು: ತನ್ನನ್ನು ಪೂರಾ ಕೆಲಸಕ್ಕೆ ಕೊಟ್ಟುಕೊಂಡವನು ತನ್ನವರಿಗೆ ಸಲ್ಲಬೇಕಾದ್ದನ್ನು ಕಸಿದುಕೊಂಡಂತೆಯೇ?

ಇದನ್ನು ಯೋಚಿಸುವಾಗ ನೆನಪಿಗೆ ಬರುವವರು ಶಂಕರನಾಗ್. 1954ರಲ್ಲಿ ನಮ್ಮ ಹೊನ್ನಾವರದ ಹತ್ತಿರದ ಮಲ್ಲಾಪುರದಲ್ಲಿ ಹುಟ್ಟಿದವರು. ಅಣ್ಣ ಅನಂತನಾಗ್ ಅವರ ಹಿಂದೆಯೇ ಮುಂಬಯಿ ಸೇರಿ, ಬ್ಯಾಂಕಿನ ನೌಕರಿ ಮಾಡುತ್ತ ಮರಾಠಿ ನಾಟಕಗಳಲ್ಲಿ ಬೆಳೆದರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರ ಅವರನ್ನು ಕನ್ನಡಕ್ಕೆ ತಂದಿತು. ಅಲ್ಲಿಂದ ಹನ್ನೆರಡೇ ವರ್ಷ. ಅಷ್ಟರಲ್ಲಿ ಸುಮಾರು 80 ಚಿತ್ರಗಳು, ‘ಮಿಂಚಿನ ಓಟ’, ‘ಆಕ್ಸಿಡೆಂಟ್’ಗಳ ನಿರ್ದೇಶನ, ಆಗುಂಬೆಯಲ್ಲಿ ಬೀಡುಬಿಟ್ಟು ತೆಗೆದ ‘ಮಾಲ್ಗುಡಿ ಡೇಸ್’, ಸಂಕೇತ್ ತಂಡದ ನಾಟಕಗಳು, ಒಂದು ಧ್ವನಿಮುದ್ರಣ ಸ್ಟುಡಿಯೋ! ಇದು ಸಾಲದೆಂಬಂತೆ ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂಬ ಕನಸು ಬೇರೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಾಗ ಮೂವತ್ತಾರು ತುಂಬಿರಲಿಲ್ಲ. ಹೊರಟದ್ದೂ ಚಿತ್ರೀಕರಣಕ್ಕೇ.

ಇಂಥ ಮನುಷ್ಯನಿಗೆ ಪುರುಸೊತ್ತು ಎಲ್ಲಿತ್ತು? ಆದರೆ ಇವತ್ತಿಗೂ ಆಟೋರಿಕ್ಷಾಗಳ ಮೇಲೆ ಅವರ ಚಿತ್ರ ನೋಡಿ. ಓಡಿಸುವ ಹುಡುಗ 1990ರಲ್ಲಿ ಹುಟ್ಟಿಯೇ ಇರಲಿಕ್ಕಿಲ್ಲ. 1980ರ ‘ಆಟೋರಾಜ’ ಸಿನಿಮಾ ಅವನ ಕಸುಬನ್ನು ಪರದೆಯ ಮೇಲೆ ತಲೆಯೆತ್ತಿ ನಿಲ್ಲಿಸಿತ್ತು, ಅಷ್ಟೆ. ಈ ನಂಟು ರಕ್ತದ್ದಲ್ಲ, ಕೇರಿಯದ್ದಲ್ಲ. ಇದನ್ನು ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮಲ್ಲಿ ಹೊಸಬರನ್ನು ಕಂಡರೆ ಮೊದಲ ಪ್ರಶ್ನೆ ‘ಯಾರ ಮನೆಯವರು?’ ಎಂದು. ಪೇಟೆಯಲ್ಲಾದರೆ ‘ಏನು ಕೆಲಸ?’ ಎಂದು ಕೇಳುತ್ತಾರೆ. ಎರಡನೆಯದು ಒಣ ಪ್ರಶ್ನೆ, ಅದರಲ್ಲಿ ಅಂತಃಕರಣವಿಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೆ ಮೊದಲ ಪ್ರಶ್ನೆಯ ಹೊಟ್ಟೆಯೊಳಗೆ ಜಾತಿಯೂ ಇದೆ, ಯಾರ ಮಗಳು, ಯಾರ ಸೊಸೆ ಎಂಬ ಅಳತೆಯೂ ಇದೆ. ಇಲ್ಲಿ ಜೀವನಪೂರ್ತಿ ಇಂಥವರ ಸೊಸೆಯಾಗಿಯೇ ಉಳಿಯಬೇಕಾಗಿದ್ದ ಹುಡುಗಿ ಅಲ್ಲಿ ದಾದಿಯೋ ಲೆಕ್ಕಿಗಳೋ ಆಗಿ ತನ್ನ ಹೆಸರಿನಿಂದಲೇ ಗುರುತಾಗುವುದು ಸಣ್ಣ ಸಂಗತಿಯಲ್ಲ. ಜ್ವರ ಬಂದರೆ ಗಂಜಿ ಕಾಸಿ ಕೊಡುವವರಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ ಊರಲ್ಲೇ ಉಳಿದ ನಟರಿಗೆ ಪುರುಸೊತ್ತಿತ್ತೇ? ಅದೇ ತಾಲೂಕಿನ ಗುಣವಂತೆಯ ಕೆರೆಮನೆ ಶಂಭು ಹೆಗಡೆಯವರೂ ಒಮ್ಮೆ ಊರು ಬಿಟ್ಟವರೇ. ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಕಲಿತರು. ಆದರೆ ಮರಳಿ ಬಂದರು. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ನಡೆಸಿದರು, ಗುಣವಂತೆಯಲ್ಲೇ ಯಕ್ಷಗಾನ ಕಲಿಸುವ ಕೇಂದ್ರ ತೆರೆದರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯ ಆಟದಲ್ಲಿ ರಾಮನ ವೇಷ ಕಟ್ಟಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಒಬ್ಬರು ಹೆದ್ದಾರಿಯಲ್ಲಿ, ಒಬ್ಬರು ದೇವರ ಸನ್ನಿಧಿಯಲ್ಲಿ. ಇಬ್ಬರೂ ಕೆಲಸದ ನಡುವೆ ಹೋದವರು.

ಇನ್ನು ಮೇಳಗಳ ತಿರುಗಾಟವೆಂದರೆ ಏನೆಂದು ಆಟದವರ ಮನೆಯ ಹೆಂಗಸರನ್ನು ಕೇಳಬೇಕು. ದೀಪಾವಳಿಯ ಹೊತ್ತಿಗೆ ಹೊರಟ ಗಂಡ ಮಳೆಗಾಲದವರೆಗೂ ಇಂದು ಇಲ್ಲಿ, ನಾಳೆ ಅಲ್ಲಿ. ಬೆಳಗಿನ ಜಾವ ಆಟ ಮುಗಿಸಿ ಒಮ್ಮೆ ಮನೆಗೆ ಬಂದರೂ ಮಕ್ಕಳು ಶಾಲೆಗೆ ಹೊರಡುವಾಗ ನಿದ್ದೆ. ಕೊಟ್ಟಿಗೆ, ತೋಟ, ಅತ್ತೆಯ ಔಷಧಿ ಎಲ್ಲ ಅವಳ ತಲೆಯ ಮೇಲೆ. ರಾತ್ರಿಯಿಡೀ ಸಾವಿರ ಜನ ಅವನ ಕುಣಿತಕ್ಕೆ ಹೋ ಎನ್ನುತ್ತಿದ್ದಾಗ ಅವಳು ಮಕ್ಕಳ ಕೆಮ್ಮಿಗೆ ಕಷಾಯ ಕುದಿಸುತ್ತಿದ್ದಳು. ಅವಳ ಪಾಲಿಗೆ ಪಕ್ಕದ ತಾಲೂಕೂ ಬೆಂಗಳೂರಿನಷ್ಟೇ ದೂರ. ಆದ್ದರಿಂದ ಪೇಟೆಯನ್ನು ಬೈದು ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಆದರೆ ನಟನ ಕೆಲಸದಲ್ಲಿ ಒಂದು ಗುಣವಿದೆ. ಯಕ್ಷಗಾನದಲ್ಲಿ ಅರ್ಥ ಹೇಳುವುದೆಂದರೆ ಬರೆದಿಟ್ಟದ್ದನ್ನು ಒಪ್ಪಿಸುವುದಲ್ಲ. ಎದುರಿನ ವೇಷ ಏನು ಹೇಳಿತೆಂದು ಕಿವಿಗೊಟ್ಟು ಕೇಳಿ, ಆ ಮಾತಿಗೇ ಉತ್ತರ ಕೊಡಬೇಕು. ಮನಸ್ಸು ಬೇರೆಲ್ಲೋ ಇದ್ದರೆ ಸಭೆಗೆ ಕೂಡಲೇ ತಿಳಿಯುತ್ತದೆ. ಮನೆಯಲ್ಲಿ ದಿನವಿಡೀ ಜಗಲಿಯ ಮೇಲೆ ಕೂತಿದ್ದೂ ಹೆಂಡತಿಯ ಒಂದು ಮಾತನ್ನೂ ಕೇಳದ ಗಂಡಸರನ್ನು ನಾವೆಲ್ಲ ಕಂಡಿದ್ದೇವೆ. ಅವರಿಗೆ ಪುರುಸೊತ್ತಿಗೇನು ಬರವೇ!

ಶಂಕರನಾಗ್ ಹೋದ ಹದಿನಾಲ್ಕು ವರ್ಷಗಳ ನಂತರ, 2004ರಲ್ಲಿ, ಅರುಂಧತಿ ನಾಗ್ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ ರಂಗಮಂದಿರವನ್ನು ತೆರೆಸಿದರು. ತಡವಾಗಿ ಹೋದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ, ಎಂಥ ದೊಡ್ಡವರಾದರೂ ಸರಿ. ಯಾರ ಮನೆಯವರೆಂದೂ ಏನು ಕೆಲಸವೆಂದೂ ಯಾರೂ ಕೇಳುವುದಿಲ್ಲ. ದೀಪ ಆರಿದ ಮೇಲೆ ಪರಿಚಯವೇ ಇಲ್ಲದ ಜನ ಭುಜಕ್ಕೆ ಭುಜ ತಾಗಿ ಕೂತು, ಬಾಯಿ ಮುಚ್ಚಿಕೊಂಡು, ಇನ್ನೊಬ್ಬರ ಕಷ್ಟಸುಖವನ್ನು ಕೇಳುತ್ತಾರೆ.