ಇದ್ದ ಹಾಗೆ ಹೇಳಿದವನ ಪಾಲು

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಈ ಗಾದೆ ಇನ್ನೂ ದಿನಬಳಕೆಯಲ್ಲಿದೆ. ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಚರಂಡಿ ಕಾಮಗಾರಿಯ ಬಿಲ್ಲು ಕೇಳಿದರೆ, ಪಕ್ಕದಲ್ಲಿ ಕೂತವನು ಅಂಗಿ ಹಿಡಿದೆಳೆದು ಹೇಳುವುದು ಇದನ್ನೇ: "ಸುಮ್ನೆ ಕೂತ್ಕಳಣ್ಣ, ಇದ್ದಿದ್ದು ಇದ್ದಂಗೆ ಹೇಳುದ್ರೆ ಎದ್ ಬಂದು ಎದೆಗೊದೀತಾರೆ." ಹೇಳಿದವನಿಗೆ ಕೆಟ್ಟ ಉದ್ದೇಶವಿಲ್ಲ. ಅಣ್ಣನಿಗೆ ಪೆಟ್ಟು ಬೀಳದಿರಲಿ ಎಂಬ ಅಕ್ಕರೆ ಅದು. ಆದರೆ ಬಾಯಿ ಮುಚ್ಚಿಸುವುದಕ್ಕೆ ಈ ಗಾದೆಯನ್ನು ಬಳಸಿ ಬಳಸಿ, ಅದರೊಳಗೆ ನಡೆದ ಸಂಗತಿಯನ್ನೇ ನಾವು ನೋಡದಂತಾಗಿದ್ದೇವೆ.

ಗಾದೆಯ ಒಳಗೆ ಒಂದು ಘಟನೆಯಿದೆ. ಒದ್ದವನು ಅಲ್ಲಿಯವರೆಗೆ ಕೂತಿದ್ದ. ನಿಂತು ಹೇಳುತ್ತಿದ್ದವನ ಮಾತು ಕೇಳುತ್ತ, ತನ್ನ ಜಾಗದಲ್ಲಿ ನೆಮ್ಮದಿಯಾಗಿದ್ದ. ಮಾತು ಸುಳ್ಳಾಗಿದ್ದರೆ ಅಲ್ಲಗಳೆದು ಕೂತೇ ಇರಬಹುದಿತ್ತು, ನಿಜವಾದದ್ದರಿಂದ ಏಳಬೇಕಾಯಿತು. ಬಂದು ಒದೆಯುವಷ್ಟು ಹತ್ತಿರದಲ್ಲೂ ಇದ್ದ. ಹಳ್ಳಿಯಲ್ಲಿ ಆ ದೂರ ಎಷ್ಟು? ನಾಲ್ಕು ಮನೆ. ಡೈರಿಯಲ್ಲಿ ಹಾಲು ಅಳೆಯುವವನು, ಸೊಸೈಟಿಯ ಕಾರ್ಯದರ್ಶಿ, ಸಾಲ ಮಂಜೂರು ಮಾಡಿಸಿದವನು, ಮಗಳ ಮದುವೆಗೆ ಚಪ್ಪರ ಹಾಕಿಸಿದವನು, ಎಲ್ಲರೂ ಒಬ್ಬರಿಗೊಬ್ಬರು ಬೇಕಾದವರೇ. ಜೊತೆಗೆ ಅಲ್ಲಿ ಇನ್ನೂ ಜನರಿದ್ದರು, ಇಲ್ಲದಿದ್ದರೆ ಈ ಸುದ್ದಿ ನಮ್ಮವರೆಗೆ ಬರುತ್ತಿರಲಿಲ್ಲ. ಹೇಳಿದ್ದು ತಪ್ಪು ಎಂದು ಗಾದೆ ಎಲ್ಲಿಯೂ ಹೇಳುವುದಿಲ್ಲ. ಪೆಟ್ಟು ಬಿತ್ತು ಎಂದಷ್ಟೇ ದಾಖಲಿಸಿ ನಿಲ್ಲುತ್ತದೆ. ಪೆಟ್ಟು ತಿಂದವನಿಗೆ ಆಮೇಲೆ ಯಾರು ಏನು ಕೊಟ್ಟರು ಎಂಬುದನ್ನು ನಮಗೆ ಬಿಟ್ಟಿದೆ.

ಕೊಡುತ್ತೇನೆ ಎಂದು ಕೇಂದ್ರ ಸರ್ಕಾರ ಹೇಳಿರುವುದುಂಟು. ಆದಾಯ ತೆರಿಗೆ ಇಲಾಖೆಯ ಮಾಹಿತಿದಾರರ ಬಹುಮಾನ ಯೋಜನೆ 2018ರದು. ದೇಶದೊಳಗೆ ಮುಚ್ಚಿಟ್ಟ ಆದಾಯದ ಸುಳಿವು ಕೊಟ್ಟವರಿಗೆ 50 ಲಕ್ಷ ರೂಪಾಯಿವರೆಗೆ, ಹೊರದೇಶದಲ್ಲಿ ಬಚ್ಚಿಟ್ಟ ಆಸ್ತಿಯ ಸುಳಿವಿಗೆ 5 ಕೋಟಿವರೆಗೆ. ಅದೇ ವರ್ಷ ಬೇನಾಮಿ ಆಸ್ತಿಗೂ ಒಂದು ಯೋಜನೆ ಬಂತು, ಅಲ್ಲಿ ಗರಿಷ್ಠ 1 ಕೋಟಿ. ಷೇರುಪೇಟೆಯಲ್ಲಿ ಒಳಗಿನ ಸುದ್ದಿ ಹಿಡಿದು ವ್ಯಾಪಾರ ಮಾಡುವವರ ಬಗ್ಗೆ ತಿಳಿಸಿದರೆ ಸೆಬಿ 2019ರಲ್ಲಿ 1 ಕೋಟಿವರೆಗೆ ಎಂದಿತ್ತು, 2021ರಲ್ಲಿ ಅದನ್ನು 10 ಕೋಟಿಗೆ ಏರಿಸಿತು.

ಇವುಗಳಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹತ್ತಿರವಾದದ್ದು ಬೇನಾಮಿಯದು. ಬೇಸಾಯದ ವರಮಾನಕ್ಕೆ ಆದಾಯ ತೆರಿಗೆ ಇಲ್ಲ, ಷೇರುಪೇಟೆ ಬಲು ದೂರ. ಆದರೆ ಜಮೀನು ಕಣ್ಣೆದುರೇ ಇದೆ. ಡ್ರೈವರನ ಹೆಸರಿನಲ್ಲಿ, ತೋಟದ ಆಳಿನ ಹೆಸರಿನಲ್ಲಿ ಪಹಣಿ ಎದ್ದರೆ ಊರಿಗೆ ಗೊತ್ತಾಗದೇ ಇರದು. ಆ ಯೋಜನೆಯಲ್ಲಿ ಹೇಳುವವನು ಬೇನಾಮಿ ಘಟಕದ ಹಿರಿಯ ಅಧಿಕಾರಿಯ ಮುಂದೆ ತನ್ನ ಹೆಸರು, ವಿಳಾಸ, ಗೊತ್ತಿರುವ ವಿವರ ಎಲ್ಲವನ್ನೂ ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು. ಇಲಾಖೆ ಅವನಿಗೆ ಒಂದು ಸಂಕೇತ ಸಂಖ್ಯೆ ಕೊಡುತ್ತದೆ, ಹೆಸರನ್ನು ಗುಟ್ಟಾಗಿಡುತ್ತದೆ. ಆಸ್ತಿ ತಾತ್ಕಾಲಿಕವಾಗಿ ಮುಟ್ಟುಗೋಲಾದರೆ ಅದರ ಬೆಲೆಯ ಶೇ. 1ರಷ್ಟು ಮಧ್ಯಂತರ ಬಹುಮಾನ, 10 ಲಕ್ಷಕ್ಕೆ ಮೀರದಂತೆ. ಅಂತಿಮವಾಗಿ ಸರ್ಕಾರದ ವಶವಾದರೆ ಶೇ. 5ರವರೆಗೆ. ಅಂತಿಮ ಎಂಬುದು ಬರುವಷ್ಟರಲ್ಲಿ ಎಷ್ಟು ವರ್ಷ ಹಿಡಿಯುತ್ತದೆ ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಬೇನಾಮಿ ಕಾಯ್ದೆಯ 2016ರ ತಿದ್ದುಪಡಿ ಹಳೆಯ ವ್ಯವಹಾರಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು, 2024ರ ಅಕ್ಟೋಬರ್‌ನಲ್ಲಿ ಅದೇ ತೀರ್ಪನ್ನು ಹಿಂಪಡೆಯಿತು. ನಡುವಿನ ಎರಡು ವರ್ಷ, ಹಳೆಯ ಬೇನಾಮಿ ಜಮೀನಿನ ಸುಳಿವು ಕೊಟ್ಟಿದ್ದವರ ಗತಿ ಏನು? ಅದೇ ಊರಿನಲ್ಲಿ ಅದೇ ಬೀದಿಯಲ್ಲಿ ಓಡಾಡಿಕೊಂಡಿರಬೇಕಾಗಿತ್ತು, ಅಷ್ಟೆ.

ಹೇಳಿದವನಿಗೆ ಪಾಲು ಕೊಡುವ ಆಲೋಚನೆ ಹೊರಗಿನಿಂದ ಬಂದದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಅಧಿಕಾರಿಗಳು ಬೊಕ್ಕಸದ ಹಣ ನುಂಗುವುದನ್ನು ತಿಳಿಸಿ ಸಾಬೀತು ಮಾಡಿದವನಿಗೆ ಆ ಮೊತ್ತದ ಆರರಲ್ಲಿ ಒಂದು ಪಾಲು. ಅವನೂ ಸಂಬಳದ ನೌಕರನೇ ಆಗಿದ್ದರೆ ಹನ್ನೆರಡರಲ್ಲಿ ಒಂದು. ದೊಡ್ಡ ಕಳವಿನಲ್ಲಿ ಒಂದು ಭಾಗವಷ್ಟೇ ಸಾಬೀತಾದರೂ ಆ ಭಾಗದ ಮೇಲಿನ ಪಾಲು ಅವನದೇ. ಸಾಬೀತು ಮಾಡಲಾಗದಿದ್ದರೆ ಶಿಕ್ಷೆ. ಆರೋಪಿಯ ಮಾತಿಗೆ ಒಳಗಾಗಿ ದೂರು ಹಿಂತೆಗೆದುಕೊಂಡರೆ ಮರಣದಂಡನೆ. ಈ ಕೊನೆಯದು ಕ್ರೂರ, ಅದನ್ನು ನಾನು ಒಪ್ಪಲಾರೆ. ಆದರೆ ಅದೇ ಅಧ್ಯಾಯ ಇನ್ನೊಂದು ಮಾತು ಹೇಳುತ್ತದೆ: ಇಂಥ ಅಧಿಕಾರಿಯಿಂದ ನಷ್ಟವಾದವರು ಬಂದು ಹೇಳಿ ಎಂದು ಸಾರಿಸಬೇಕು, ಹೇಳಿದವರಿಗೆ ನಷ್ಟ ತುಂಬಿಕೊಡಬೇಕು. ಕೂತಿದ್ದವನು ಏಳುತ್ತಾನೆ, ಬರುತ್ತಾನೆ ಎಂಬ ಅರಿವು ಆ ಗ್ರಂಥಕ್ಕೆ ಪೂರ್ತಿ ಇತ್ತು.

ಕೌಟಿಲ್ಯನ ಪಾಲು ಯಾವ ಹಣದ ಮೇಲೆ? ಬೊಕ್ಕಸದಿಂದ ಕದ್ದ ಹಣದ ಮೇಲೆ. ಅಮೆರಿಕದಲ್ಲಿ ಲಿಂಕನ್ ಕಾಲದ 1863ರ ಕಾಯ್ದೆಯೂ ಸರ್ಕಾರಕ್ಕೆ ಸುಳ್ಳು ಬಿಲ್ಲು ಕೊಟ್ಟವರ ಮೇಲಿನದೇ. ರಾನ್‌ಬಾಕ್ಸಿ ಕಂಪನಿಯ ಔಷಧ ಪರೀಕ್ಷೆಗಳ ಸುಳ್ಳನ್ನು ಹೊರಗೆಡವಿದ ದಿನೇಶ್ ಠಾಕೂರ್ ಅವರಿಗೆ 2013ರಲ್ಲಿ, ಕಂಪನಿ ತೆತ್ತ 50 ಕೋಟಿ ಡಾಲರಿನಲ್ಲಿ 4.86 ಕೋಟಿ ಡಾಲರ್ ಸಂದದ್ದು ಆ ಕಾಯ್ದೆಯ ಬಲದಿಂದ. ನಮ್ಮ ಇಂದಿನ ಯೋಜನೆಗಳು ತಿರುವುಮುರುವಾಗಿವೆ. ಸರ್ಕಾರಕ್ಕೆ ಬರಬೇಕಾದ ತೆರಿಗೆ ಬರಲಿಲ್ಲ ಎಂದು ಹೇಳಿದರೆ ಪಾಲುಂಟು. ಬಡವರಿಗೆಂದು ಸರ್ಕಾರ ಎತ್ತಿಟ್ಟ ಹಣವನ್ನು ಕದ್ದರು ಎಂದು ಹೇಳಿದರೆ ಪಾಲಿಲ್ಲ.

ಇದು ನಮ್ಮ ತಾಲ್ಲೂಕುಗಳನ್ನು ತಟ್ಟುವ ಜಾಗ ಗಂಗಾ ಕಲ್ಯಾಣ. ಪರಿಶಿಷ್ಟ ಜಾತಿ, ಪಂಗಡದ ಸಣ್ಣ ರೈತನಿಗೆ ಆಯಾ ಅಭಿವೃದ್ಧಿ ನಿಗಮದ ಹಣದಲ್ಲಿ ಕೊಳವೆಬಾವಿ ಕೊರೆಸಿಕೊಡುವ ಯೋಜನೆ. ಪಾವಗಡದಂಥ ಕಡೆ ನೀರು ಬಹಳ ಆಳಕ್ಕಿಳಿದಿದೆ, ಬೋರ್ ಕೊರೆಸುವುದೆಂದರೆ ಮನೆಯ ಭವಿಷ್ಯವನ್ನೇ ಪಣಕ್ಕಿಟ್ಟ ಹಾಗೆ. ರಿಗ್ ಗಾಡಿ ಹೊಲದಲ್ಲಿ ನಿಂತಾಗ ನೋಡಿ. ಒಂದು ರಾಡ್ ಇಳಿದರೆ ಇಪ್ಪತ್ತು ಅಡಿ. ಮನೆಯ ಹೆಂಗಸು ಪ್ರತಿ ರಾಡಿಗೂ ಒಂದೊಂದು ಕಲ್ಲು ತೆಗೆದಿಡುತ್ತಾಳೆ, ಯಾಕೆಂದರೆ ಅಡಿ ಲೆಕ್ಕದಲ್ಲಿ ದುಡ್ಡು. ಮೂವತ್ತು ಕಲ್ಲಾದರೆ ಆರುನೂರು ಅಡಿ. ಬಿಲ್ಲು ಒಂಬೈನೂರು ಅಡಿಗೆ ಏರಿದ್ದರೆ ಅದು ಆ ಹೆಂಗಸಿಗೆ ಗೊತ್ತು, ರಾಡ್ ಜೋಡಿಸಿದ ಹುಡುಗನಿಗೆ ಗೊತ್ತು, ಬಿಲ್ಲನ್ನು ಫೈಲಿಗೆ ಸೇರಿಸಿದ ಗುಮಾಸ್ತನಿಗೆ ಗೊತ್ತು. ಕೇಸಿಂಗ್ ಪೈಪಿನ ಲೆಕ್ಕವೂ ಹಾಗೆಯೇ. ಇಂಥ ಮೋಸ ಹಿಡಿಯಲು ಬೆಂಗಳೂರಿನಿಂದ ತನಿಖಾಧಿಕಾರಿ ಬರಬೇಕಾಗಿಲ್ಲ. ಆ ಮೂವರಲ್ಲಿ ಒಬ್ಬರು ಬಾಯಿ ಬಿಡಬೇಕು.

ಆ ಹಣ ಎಷ್ಟು ಸುಲಭವಾಗಿ ಬೇರೆಡೆಗೆ ಹರಿಯಬಲ್ಲದು ಎಂಬುದು 2024ರಲ್ಲಿ ಇಡೀ ರಾಜ್ಯಕ್ಕೆ ಕಂಡಿತು. ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರು ಮೇ 26ರಂದು ಶಿವಮೊಗ್ಗದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ನಿಗಮದ 187 ಕೋಟಿ ರೂಪಾಯಿ ಅಕ್ರಮವಾಗಿ ವರ್ಗವಾಗಿದೆ ಎಂದು ಅವರು ಬರೆದಿಟ್ಟ ಪತ್ರದಿಂದಲೇ ಸಂಗತಿ ಬಯಲಾಯಿತು. ಜೂನ್ 6ರಂದು ಇಲಾಖೆಯ ಮಂತ್ರಿ ರಾಜೀನಾಮೆ ಕೊಟ್ಟರು. ಅಷ್ಟು ದೊಡ್ಡ ವಿಷಯ ನಾಡಿಗೆ ತಿಳಿಯಲು ಒಂದು ಜೀವ ಹೋಗಬೇಕಾಯಿತು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ನಾಯಕ ಸಮುದಾಯದ ಎಷ್ಟೋ ಮನೆಗಳಿರುವ ಪಾವಗಡ, ಶಿರಾ, ಮಧುಗಿರಿಗೆ ಆ ನಿಗಮದ ಹಣ ಬೇರೆಯವರ ಹಣವಲ್ಲ.

ಒಬ್ಬ ರಾಜ್ಯ ನೌಕರ ಬದುಕಿರುವಾಗ ಹೇಳಹೊರಟರೆ ಅವನಿಗೆ ಏನಿದೆ? ಹೆಸರು ಗುಟ್ಟಾಗಿಡುವ ಭರವಸೆಯೊಂದಿಗೆ ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೂರು ಕೊಡುವ ಏರ್ಪಾಡು 2004ರಿಂದ ಇದೆ. ಹೆದ್ದಾರಿ ಯೋಜನೆಯ ಅಕ್ರಮ ತಿಳಿಸಿದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಕೊಲೆಯಾದ ಮೇಲೆ ಬಂದದ್ದು ಅದು. ಆದರೆ ಅದು ಕೇಂದ್ರದ ಇಲಾಖೆ, ಕಂಪನಿಗಳಿಗಷ್ಟೇ. ರಾಜ್ಯದ ನಿಗಮ ಅದರೊಳಗೆ ಬರುವುದಿಲ್ಲ. ರಾಜ್ಯ ನೌಕರರನ್ನೂ ಒಳಗೊಳ್ಳುವ ವಿಷಲ್ ಬ್ಲೋವರ್ಸ್ ಸಂರಕ್ಷಣಾ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಯವರ ಅಂಕಿತವಾಯಿತು. ಹೇಳಿದವನ ಹೆಸರು ಬಯಲು ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆ, ಬೇಕೆಂದೇ ಸುಳ್ಳು ಹೇಳಿದವರಿಗೆ ಎರಡು ವರ್ಷದವರೆಗೆ ಸೆರೆ ಎಂದು ಅದರಲ್ಲಿದೆ. ಜಾರಿಯ ಅಧಿಸೂಚನೆ ಮಾತ್ರ ಹೊರಡಲಿಲ್ಲ. ಉಳಿದದ್ದು ಲೋಕಾಯುಕ್ತ. ಅಲ್ಲಿ ನಮೂನೆ ತುಂಬಿ, ಪ್ರಮಾಣಪತ್ರ ಮಾಡಿಸಿ ದೂರು ಕೊಡಬಹುದು. ವಸೂಲಾದ ಹಣದಲ್ಲಿ ಪಾಲು ಎಂಬ ಮಾತು ಇಲ್ಲ.

ಒದೆತ ಬಿದ್ದವರ ಪಟ್ಟಿ ನಮ್ಮ ರಾಜ್ಯದಲ್ಲೂ ಸಣ್ಣದಲ್ಲ. ಸಹಕಾರ ಇಲಾಖೆಯ ಲೆಕ್ಕ ಪರಿಶೋಧನೆಯ ಉಪನಿರ್ದೇಶಕರಾಗಿದ್ದ ಎಸ್.ಪಿ. ಮಹಾಂತೇಶ್, ಬೆಂಗಳೂರಿನ ಗೃಹ ನಿರ್ಮಾಣ ಸಹಕಾರ ಸಂಘಗಳ ಅವ್ಯವಹಾರ ಕೆದಕಿದವರು, 2012ರ ಮೇ 15ರಂದು ರಸ್ತೆಯಲ್ಲಿ ಹಲ್ಲೆಗೊಳಗಾಗಿ ಐದು ದಿನಗಳ ನಂತರ ತೀರಿಕೊಂಡರು. ಕೋಲಾರದ ಚಿನ್ನದ ಗಣಿ ಊರಿನ ಹುಡುಗ ಮಂಜುನಾಥ್ ಷಣ್ಮುಗಂ, ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದಲ್ಲಿ ಕಲಬೆರಕೆ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದಾಗ ಅವನಿಗೆ 27 ವರ್ಷ. ಇಬ್ಬರೂ ಯಾವ ಬಹುಮಾನದ ಆಸೆಗೂ ಕೆಲಸ ಮಾಡಿದವರಲ್ಲ. ಅದಕ್ಕಾಗಿಯೇ ಕೆಲವರು ಕೇಳುತ್ತಾರೆ, ನಿಜ ಹೇಳುವುದಕ್ಕೂ ದುಡ್ಡೇ ಎಂದು. ಅವರಿಗೆ ನನ್ನ ಉತ್ತರ: ನಿಜಕ್ಕೆ ಬೆಲೆ ಕಟ್ಟುವ ಕೆಲಸ ಇದಲ್ಲ. ಕೆಲಸ ಹೋದವನ ಮನೆ ನಡೆಯಬೇಕು, ದೂರದ ಜಿಲ್ಲೆಗೆ ಎತ್ತಂಗಡಿಯಾದವನ ಮಕ್ಕಳು ಓದಬೇಕು, ಸೊಸೈಟಿಯಲ್ಲಿ ಸಾಲ ನಿಂತುಹೋದ ರೈತ ಬಿತ್ತಬೇಕು. ಪಾಲು ಇರಬೇಕಾದ್ದು ಆ ಪೆಟ್ಟಿಗೆ.

ಇನ್ನೊಂದು ಅಂಜಿಕೆ ಹೆಚ್ಚು ತೂಕದ್ದು. ನಮ್ಮ ಕಡೆ ಮೂಗರ್ಜಿಗೆ ಬರವಿಲ್ಲ. ಬದುವಿನ ಜಗಳ, ಅಣ್ಣತಮ್ಮಂದಿರ ಹಿಸ್ಸೆಯ ಜಗಳ, ಪಂಚಾಯ್ತಿ ಚುನಾವಣೆಯ ಹಗೆ, ಎಲ್ಲವೂ ಅರ್ಜಿಯಾಗಿ ಕಚೇರಿಗೆ ಹೋಗುತ್ತವೆ. ಇನಾಮು ಇಟ್ಟರೆ ಚಾಡಿಕೋರರು ಹುಟ್ಟುತ್ತಾರೆ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಮೂಗರ್ಜಿ ಬರೆಯುವವನಿಗೆ ಖರ್ಚಿಲ್ಲ, ಹೊಣೆಯಿಲ್ಲ. ಪಾಲಿನ ಪದ್ಧತಿಯಲ್ಲಿ ಅವನು ಹೆಸರು ಬರೆದುಕೊಡಬೇಕು, ದಾಖಲೆ ತೋರಿಸಬೇಕು, ಹಣ ವಸೂಲಾಗುವವರೆಗೆ ಕಾಯಬೇಕು. ಸುಳ್ಳಾದರೆ ಒಂದು ಪೈಸೆ ಇಲ್ಲ, ಮೇಲೆ ಶಿಕ್ಷೆ. ಹಗೆ ತೀರಿಸಿಕೊಳ್ಳುವವರು ಇಷ್ಟು ಉದ್ದದ ದಾರಿ ಹಿಡಿಯುವುದಿಲ್ಲ.

ಬರಹದಲ್ಲಿರುವ ಮಾತಿಗೆ ಎಷ್ಟು ತೂಕ ಎಂಬುದು ನಮಗೆ ಗೊತ್ತು. ಪಾವಗಡದ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಾಗ ಏನಾಯಿತು ನೆನೆಯಿರಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಎಂದು ಕರಾರಿನಲ್ಲಿ ಬರೆದದ್ದರಿಂದ ರೈತರು ಭೂಮಿ ಕೊಟ್ಟರು. ಮೊತ್ತ ಸಾಲದೆಂಬ ವಾದ ಬೇರೆ. ಬರಹದಲ್ಲಿ ಇಂತಿಷ್ಟು ಎಂದು ಇದ್ದದ್ದು ಮುಖ್ಯವಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳುವವನೂ ಅಂಥದೊಂದು ಬರಹವನ್ನೇ ಕೇಳುತ್ತಿದ್ದಾನೆ. ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಲಿ: ನಿಗಮ, ಪಂಚಾಯ್ತಿ, ಸಹಕಾರ ಸಂಘಗಳಲ್ಲಿ ನುಂಗಿದ ಸರ್ಕಾರಿ ಹಣ ಯಾರ ಮಾಹಿತಿಯಿಂದ ವಾಪಸು ಬಂತೋ ಅವರಿಗೆ ಅದರಲ್ಲಿ ಇಂತಿಷ್ಟು ಪಾಲು, ಮೊದಲ ಕಂತು ಪ್ರಕರಣ ದಾಖಲಾದ ಕೂಡಲೇ, ಹೆಸರು ಗುಟ್ಟಾಗಿ, ಹೇಳಿಕೆ ಕೊಡುವ ಜಾಗ ಅದೇ ತಾಲ್ಲೂಕಿನ ಕಚೇರಿಯಲ್ಲದೆ ಬೇರೆಡೆ. ಕೌಟಿಲ್ಯನ ಆರನೆಯ ಒಂದು ಪಾಲೇ ಆಗಬೇಕೆಂದಿಲ್ಲ, ಇಪ್ಪತ್ತರಲ್ಲಿ ಒಂದಾದರೂ ಆದೀತು. ಜೊತೆಗೆ 2014ರ ಕಾಯ್ದೆಯನ್ನು ಜಾರಿ ಮಾಡಿ ಎಂದು ಕೇಂದ್ರವನ್ನು ಒತ್ತಾಯಿಸುವ ನಿರ್ಣಯ ವಿಧಾನಸಭೆಯಲ್ಲಿ ಬರಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಾಲ್ವರು ಶಾಸಕರು ಪಕ್ಷ ನೋಡದೆ ಇದನ್ನು ಸದನದಲ್ಲಿ ಎತ್ತಬೇಕೆಂದು ಕೇಳುತ್ತೇನೆ. ಮುಂದಿನ ಗ್ರಾಮಸಭೆಯಲ್ಲಿ ಲೆಕ್ಕ ಕೇಳಲು ಯಾರಾದರೂ ಎದ್ದರೆ, ಅಂಗಿ ಹಿಡಿದು ಕೂರಿಸದೆ ನೀವೂ ಪಕ್ಕದಲ್ಲಿ ಎದ್ದು ನಿಲ್ಲಿ.