ವೈದ್ಯನ ಬೇಸರವೂ ಕರ್ತನ ತಾಳ್ಮೆಯೂ



ಹನ್ನೆರಡು ವರುಷ ರಕ್ತಕುಸುಮ ರೋಗದಿಂದ ಬಾಧೆಪಟ್ಟ ಒಬ್ಬ ಸ್ತ್ರೀಯ ವೃತ್ತಾಂತವು ಮಾರ್ಕನ ಸುವಾರ್ತೆಯ ೫ನೆಯ ಅಧ್ಯಾಯದಲ್ಲಿಯೂ ಲೂಕನ ಸುವಾರ್ತೆಯ ೮ನೆಯ ಅಧ್ಯಾಯದಲ್ಲಿಯೂ ಉಂಟು. ಆಕೆಯು ವೈದ್ಯರಿಂದ ವೈದ್ಯರಿಗೆ ಅಲೆದು ಕೈಯಲ್ಲಿದ್ದುದನ್ನೆಲ್ಲಾ ಕಳೆದುಕೊಂಡಿದ್ದಳು. ಗುಣ ಮಾತ್ರ ಕಾಣಲಿಲ್ಲ. ಸಭೆಯಲ್ಲಿ ಈ ಭಾಗವನ್ನು ಓದುವಾಗಲೆಲ್ಲಾ ವೈದ್ಯರಾದ ನಾವು ತಲೆ ತಗ್ಗಿಸುತ್ತೇವೆ. ಲೂಕನು ತಾನೇ ವೈದ್ಯನಾಗಿದ್ದನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಿಂದ ತಿಳಿಯುತ್ತದೆ. ಅಂಥವನೂ ತನ್ನ ವೃತ್ತಿಯವರಿಂದ ಆಗದೆಹೋದದ್ದನ್ನು ಮರೆಮಾಡಲಿಲ್ಲ. ಆದಕಾರಣ ನಾವೂ ನಮ್ಮ ಸೋಲೊಂದನ್ನು ನಿಮ್ಮ ಮುಂದೆ ಮುಚ್ಚದೆ ಹೇಳುವೆವು.

ಕ್ಷಯರೋಗವನ್ನು ನೀವೆಲ್ಲರೂ ಬಲ್ಲಿರಿ. ಅದರ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕೋಖ್ ಎಂಬ ವೈದ್ಯನು ೧೮೮೨ರಲ್ಲಿ ತೋರಿಸಿಕೊಟ್ಟನು. ಆದರೆ ಆ ಕ್ರಿಮಿಯನ್ನು ಅಡಗಿಸುವ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು ದೊರೆತದ್ದು ೧೯೪೩ರಲ್ಲಿ. ನಡುವಣ ೬೧ ವರುಷ ವೈದ್ಯರು ಶತ್ರುವಿನ ಗುರುತನ್ನು ಬಲ್ಲವರಾಗಿದ್ದರೂ ಆಯುಧವಿಲ್ಲದವರಾಗಿದ್ದರು. ಬಳಿಕ ಮದ್ರಾಸಿನಲ್ಲಿ ೧೯೫೬ರಿಂದ ನಡೆದ ಪರೀಕ್ಷೆಯಲ್ಲಿ, ರೋಗಿಯು ತನ್ನ ಮನೆಯಲ್ಲಿಯೇ ಇದ್ದು ಔಷಧ ತೆಗೆದುಕೊಂಡರೂ ಆಸ್ಪತ್ರೆಯಲ್ಲಿದ್ದವನಷ್ಟೇ ಗುಣಹೊಂದುವನೆಂದು ತಿಳಿದುಬಂತು. ಈಗ ಸಾಮಾನ್ಯವಾದ ಕ್ಷಯಕ್ಕೆ ೬ ತಿಂಗಳ ಔಷಧವು ಸಾಕು; ಸರ್ಕಾರದ ಆಸ್ಪತ್ರೆಗಳಲ್ಲಿ ಅದನ್ನು ಹಣವಿಲ್ಲದೆ ಕೊಡುತ್ತಾರೆ.

ಹಾಗಾದರೆ ವೈದ್ಯನಿಗೆ ಬೇಸರವೇಕೆ? ಔಷಧವಿಲ್ಲದೆ ಸೋಲುವುದು ಒಂದು ದುಃಖ; ಔಷಧವು ಕೈಯಲ್ಲಿದ್ದೂ ಸೋಲುವುದು ಅದಕ್ಕಿಂತಲೂ ದೊಡ್ಡ ದುಃಖ. ಎರಡು ತಿಂಗಳಾಗುವಷ್ಟರಲ್ಲಿ ಜ್ವರವು ಬಿಡುತ್ತದೆ, ಕೆಮ್ಮು ಇಳಿಯುತ್ತದೆ, ಹಸಿವು ಮರಳುತ್ತದೆ. ಆಗ ರೋಗಿಯು ಗುಣವಾಯಿತೆಂದು ಔಷಧವನ್ನು ಬಿಟ್ಟುಬಿಡುತ್ತಾನೆ. ಹೊಲದ ಗರಿಕೆಯನ್ನು ಮೇಲೆ ಕೊಯ್ದು ಬೇರನ್ನು ಬಿಟ್ಟರೆ ಏನಾಗುವುದೆಂದು ಒಕ್ಕಲಿಗರಾದ ನಿಮಗೆ ಹೇಳಬೇಕಾದದ್ದಿಲ್ಲ. ಉಳಿದ ಕ್ರಿಮಿಗಳು ಮತ್ತೆ ಹೆಚ್ಚುತ್ತವೆ. ಕೆಲವು ಸಾರಿ ಮೊದಲಿನ ಔಷಧಗಳಿಗೆ ಬಗ್ಗದಂಥವುಗಳಾಗುತ್ತವೆ.

ಹೀಗೆ ಔಷಧವನ್ನು ನಡುವೆ ಬಿಟ್ಟ ಒಬ್ಬ ಕೂಲಿಯವನು ರಕ್ತ ಕೆಮ್ಮುತ್ತಾ ನಮ್ಮ ಬಳಿಗೆ ಹಿಂತಿರುಗಿ ಬಂದನು. ಆ ದಿನ ಬಾಗಿಲ ಹೊರಗೆ ರೋಗಿಗಳು ಸಾಲಾಗಿ ನಿಂತಿದ್ದರು, ನಾವು ದಣಿದಿದ್ದೆವು. “ಕ್ಷಯದ ಔಷಧವನ್ನು ಬಿಡಬೇಡವೆಂದು ಎಷ್ಟು ಸಾರಿ ಹೇಳಿದೆವು! ನಿನ್ನ ಪ್ರಾಣವು ನಿನಗೇ ಬೇಡವಾದರೆ ನಾವೇನು ಮಾಡೋಣ?” ಎಂದು ಎಲ್ಲರಿಗೂ ಕೇಳಿಸುವಂತೆ ಗದರಿಸಿದೆವು. ಅವನು ಏನೂ ಹೇಳದೆ ಹೊರಟುಹೋದನು; ಮತ್ತೆ ಬರಲಿಲ್ಲ.

ಕೆಲವು ದಿನಗಳ ಮೇಲೆ ನಾವು ಅವನ ಊರಿಗೆ ಹೋದೆವು. ಅವನು ಗೋಡೆಗೆ ಒರಗಿ ಉಸಿರಿಗಾಗಿ ಕಷ್ಟಪಡುತ್ತಿದ್ದನು. ಅವನ ಹೆಂಡತಿಯು, “ಅಯ್ಯಾ, ಆಸ್ಪತ್ರೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ಗುಳಿಗೆ ನುಂಗಿ ಹಸಿವು ಹೆಚ್ಚಿದರೆ ಮನೆಯಲ್ಲಿ ರೊಟ್ಟಿ ಸಾಲದು. ಮಗಳಿಗೆ ಗಂಡು ನೋಡುತ್ತಿದ್ದೆವು. ರೋಗದ ಹೆಸರು ಹೊರಬಿದ್ದರೆ ಯಾರು ಬಂದಾರು ಎಂದು ಅವರು ಅಂಜಿದರು. ನೀವು ಅದನ್ನು ನಮ್ಮೂರಿನವರ ಮುಂದೆಯೇ ಕೂಗಿ ಹೇಳಿದಿರಿ” ಅಂದಳು. ನಮಗೆ ಉತ್ತರವಿರಲಿಲ್ಲ. ಇಬ್ಬರನ್ನೂ ಕ್ಷಮೆ ಕೇಳಿದೆವು. ಔಷಧವನ್ನು ತಿರಿಗಿ ಆರಂಭಿಸಿದೆವು; ಆದರೆ ಹೊತ್ತು ಮೀರಿತ್ತು. ಮೂರು ವಾರಗಳಲ್ಲಿ ಅವನು ತೀರಿಹೋದನು.

ಪ್ರಿಯರೇ, ಆ ಸ್ತ್ರೀಯ ವೃತ್ತಾಂತವನ್ನು ಮತ್ತೊಮ್ಮೆ ನೆನಸಿರಿ. ಆಗ ಕರ್ತನು ಸಾಯುತ್ತಿದ್ದ ಒಬ್ಬ ಹುಡುಗಿಯ ಮನೆಗೆ ಹೋಗುತ್ತಿದ್ದನು. ಅವಸರವಿತ್ತು, ಜನರ ನೂಕಾಟವಿತ್ತು. ಆದರೂ ಆತನು ನಿಂತನು. ಆಕೆಯು ನಡುಗುತ್ತಾ ನಡೆದ ಸಂಗತಿಯನ್ನೆಲ್ಲಾ ಹೇಳಿ ಮುಗಿಸುವ ತನಕ ಕೇಳಿದನು. ಗದರಿಸದೆ ಮಗಳೆಂದು ಕರೆದನು. ನಾವಾದರೋ ರೋಗವನ್ನು ನೋಡಿದೆವು, ಸಂಗತಿಯನ್ನು ಕೇಳಲಿಲ್ಲ. ಇದೇ ನಮ್ಮ ಸೋಲು.

ಆ ವರುಷವೇ ಆ ತಾಯಿಯು ಕೆಮ್ಮುತ್ತಿದ್ದ ಮಗಳನ್ನು ಕರತಂದಳು. ಈ ಸಾರಿ ನಾವು ಬಾಗಿಲು ಮುಚ್ಚಿ, ಕುಳಿತು, ಮೊದಲು ಕೇಳಿದೆವು. ಅವರ ಒಪ್ಪಿಗೆಯಿಂದ ಸಭೆಯ ಒಬ್ಬ ಮುದುಕಿಯು ದಿನಾಲು ಅವರ ಮನೆಗೆ ಹೋಗಿ, ಹುಡುಗಿಗೆ ಊಟಮಾಡಿಸಿ ಗುಳಿಗೆ ನುಂಗಿಸಿದಳು. ಹೊರಗೆ ಯಾರಿಗೂ ಹೇಳಲಿಲ್ಲ. ಆರು ತಿಂಗಳು ತುಂಬಿದವು, ಹುಡುಗಿಯು ಗುಣವಾದಳು. ನಮ್ಮ ಔಷಧವು ತಂದೆಗೂ ಮಗಳಿಗೂ ಒಂದೇ ಆಗಿತ್ತು. ಮಗಳ ಜೊತೆಯಲ್ಲಿ ಸಭೆಯೂ ಇತ್ತು.

ಆದಕಾರಣ ನಾವು ನಿಮ್ಮನ್ನು ಬೇಡುವುದೇನಂದರೆ: ಎರಡು ವಾರ ಮೀರಿದ ಕೆಮ್ಮನ್ನು ಮರೆಮಾಡಬೇಡಿರಿ. ಪ್ರಾರ್ಥನೆ ಮಾಡುವವನು ಔಷಧವನ್ನು ಬಿಡಬೇಕೆಂದು ಯಾರಾದರೂ ಬೋಧಿಸಿದರೆ ಒಪ್ಪಬೇಡಿರಿ. ಹಿಜ್ಕೀಯ ಅರಸನು ಅತ್ತು ಪ್ರಾರ್ಥಿಸಿದಾಗ ಅವನ ಹುಣ್ಣಿಗೆ ಅಂಜೂರದ ಉಂಡೆಯನ್ನೂ ಕಟ್ಟಿದರಲ್ಲವೇ? ಸರಿಯಾಗಿ ಔಷಧ ತೆಗೆದುಕೊಳ್ಳುವವನಿಂದ ಕೆಲವು ವಾರಗಳ ಮೇಲೆ ರೋಗವು ಸಾಮಾನ್ಯವಾಗಿ ಹರಡದು. ಅವನನ್ನು ಸಭೆಯಿಂದ ದೂರವಿಡಬೇಡಿರಿ. ಕ್ಷಯರೋಗಿಗಳ ಆಹಾರಕ್ಕೆಂದು ಸರ್ಕಾರವು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿದ್ದು, ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ ರೂಪಾಯಿಗೆ ಏರಿಸಿತು. ಓದುಬಾರದವರಿಗೆ ಅದು ದೊರೆಯುವಂತೆ ಓದುಬಲ್ಲವರು ಸಹಾಯಮಾಡಿರಿ. ವೈದ್ಯರಾದ ನಮಗೋಸ್ಕರವೂ ಪ್ರಾರ್ಥಿಸಿರಿ. ನಮಗೆ ಬೇಕಾದದ್ದು ಹೆಚ್ಚಿನ ಜ್ಞಾನ ಮಾತ್ರವಲ್ಲ, ದಣಿದ ಹೊತ್ತಿನಲ್ಲಿಯೂ ಕೇಳುವ ಕಿವಿ.

ದಾರಿಯಲ್ಲಿ ನಿಂತು ಆಕೆಯ ಮಾತನ್ನು ಪೂರ್ತಿಯಾಗಿ ಕೇಳಿದ ಕರ್ತನು ನಮಗೂ ನಿಮಗೂ ಆ ತಾಳ್ಮೆಯನ್ನು ಅನುಗ್ರಹಿಸಲಿ. ಆಮೆನ್.